‘ಭಕ್ತಿ’ ಮಗುವಿನ ಬಾಯಲ್ಲಿ ‘ಭಕಿತ’ ಆಗುವುದೇಕೆ?

ಉಡುಪಿ ಸಮೀಪದ ತರಬೇತಿ ಕಾಲೇಜೊಂದಕ್ಕೆ ಹೋಗಿದ್ದೆ. ನಾಳೆ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಲಿರುವ ಡಿ.ಎಲ್.ಎಡ್. ವಿದ್ಯಾರ್ಥಿಗಳು. ಬೋರ್ಡಿನಲ್ಲಿ ತುಳು ಲಿಪಿಯ ಕೆಲವು ಅಕ್ಷರ ಬರೆದು ಅರ್ಧ ಗಂಟೆ ಕಲಿಸಿದೆ. ಆಮೇಲೆ ಮೂರೇ ಪದಗಳ ಒಂದು ವಾಕ್ಯ. ಮುಂದಿನ ಬೆಂಚಿನ ಹುಡುಗಿ ಎದ್ದುಬಂದು ಬೆರಳಿಟ್ಟು ಓದಿದಳು: ‘ಅ... ಪ್ಪೆ... ಇ... ಲ್ಲ... ಡ್...’ ಕೊನೆ ಮುಟ್ಟುವಾಗ ಹಣೆಯಲ್ಲಿ ಬೆವರು. ಏನು ಓದಿದಿರಿ ಎಂದು ಕೇಳಿದರೆ, ‘ಇನ್ನೊಮ್ಮೆ ಓದುತ್ತೇನೆ ಸರ್’ ಎಂದಳು. ವಾಕ್ಯ ‘ಅಪ್ಪೆ ಇಲ್ಲಡ್ ಉಲ್ಲೆರ್’. ಅಮ್ಮ ಮನೆಯಲ್ಲಿದ್ದಾರೆ, ಅಷ್ಟೆ. ಹುಟ್ಟಿದಾಗಿನಿಂದ ತುಳುವನ್ನೇ ಆಡಿಕೊಂಡು ಬಂದವಳು ಅವಳು.

ಒಂದನೇ ತರಗತಿಯ ಮಗುವಿಗೆ ದಿನವೂ ಆಗುವುದು ಇದೇ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವುದು ಬೆರಳೆಣಿಕೆಯ ಸಂಗತಿಗಳನ್ನು. ಅಷ್ಟೂ ಜಾಗವನ್ನು ಅಕ್ಷರವೇ ನುಂಗಿದರೆ ಅರ್ಥಕ್ಕೆ ಎಡೆಯೆಲ್ಲಿ? ಓದಿನ ಬಗ್ಗೆ ಸಂಶೋಧನೆ ಮಾಡಿದ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಇದನ್ನು ಗುಣಾಕಾರವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಓದು. ಒಂದು ಕಡೆ ಸೊನ್ನೆಯಾದರೆ ಉತ್ತರವೂ ಸೊನ್ನೆ. ನಮ್ಮ ಕರಾವಳಿಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳಿಂದ ಬರುವ ಮಗುವಿಗೆ ಕನ್ನಡದ ಲಿಪಿಯೂ ಹೊಸತು, ಎಷ್ಟೋ ಪದಗಳೂ ಹೊಸತು.

ತುಳುವರಿಗೇ ತುಳು ಲಿಪಿ ಓದಲು ಬಾರದಿರುವುದಕ್ಕೆ ಒಂದು ಚರಿತ್ರೆಯಿದೆ. ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟು ಕನ್ನಡ ಪತ್ರಿಕೋದ್ಯಮ ಇಲ್ಲಿಂದಲೇ ಆರಂಭವಾಯಿತು. ಅದೇ ಮಿಷನ್ನಿನವರು ತುಳು ಪುಸ್ತಕಗಳನ್ನೂ ಕನ್ನಡ ಅಕ್ಷರಗಳಲ್ಲೇ ಅಚ್ಚು ಹಾಕಿದರು. ಹಳೆಯ ಲಿಪಿ ತಾಳೆಗರಿಯಲ್ಲೇ ಉಳಿಯಿತು. ಕಂಪ್ಯೂಟರುಗಳು ಬಳಸುವ ಅಕ್ಷರಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿದ್ದು 2024ರಲ್ಲಿ. ಈ ಲಿಪಿ ಹೆಚ್ಚಿನವರಿಗೆ ಬಾರದಿರುವುದರಿಂದ ನನಗಂತೂ ದೊಡ್ಡ ಉಪಕಾರವಾಗಿದೆ. ಚೆನ್ನಾಗಿ ಓದಬಲ್ಲ ಇಪ್ಪತ್ತರ ಹರೆಯದವರನ್ನು ಅರ್ಧ ಗಂಟೆಯಲ್ಲಿ ಮತ್ತೆ ಆರು ವರ್ಷದವರನ್ನಾಗಿ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಓದು ಕಲಿತವನಿಗೆ ಓದಿನ ಕಷ್ಟ ಕಾಣುವುದೇ ಇಲ್ಲ. ‘ಭಕ್ತಿ’ ಎಂದು ಕಾಗದದಲ್ಲಿ ಬರೆದು ನೋಡಿ. ಭ ಆಯಿತು. ಆಮೇಲೆ ಕ, ಅದರ ತಲೆಗೆ ಗುಡಿಸು, ಕೆಳಗೆ ತ ಒತ್ತು. ಕಣ್ಣಿಗೆ ಕಾಣುವುದು ‘ಕಿ’, ಅದರಡಿ ಒಂದು ‘ತ’. ಬಾಯಿ ಹೇಳಬೇಕಾದದ್ದು ಮಾತ್ರ ಕ್, ತ್, ಇ. ಗುಡಿಸು ಕುಳಿತದ್ದು ಕಕಾರದ ಮೇಲೆ, ಅದರ ಸ್ವರ ಸೇರುವುದು ತಕಾರಕ್ಕೆ. ಬಸ್ಸಿನಲ್ಲಿ ಮುಂದಿನ ಸೀಟಿನ ಅಜ್ಜ ಹಿಂದೆ ಕೂತ ಮೊಮ್ಮಗನ ಟಿಕೆಟ್ ಹಿಡಿದುಕೊಂಡ ಹಾಗೆ. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಕಿರೀಟ ಕಟ್ಟಿದವನು ಕ, ಅರ್ಥ ಹೇಳಬೇಕಾದವನು ತ. ‘ಸೂರ್ಯ’ದಲ್ಲಿ ಇನ್ನೊಂದು ಬಗೆ: ಮೊದಲು ಕೇಳಿಸುವ ರ್ ಅರ್ಕಾವೊತ್ತಾಗಿ ಯಕಾರದ ಹಿಂದೆ ಹೋಗಿ ನಿಲ್ಲುತ್ತದೆ. ಸರದಿಯಲ್ಲಿ ಮೊದಲು ಬಂದವನು ಕೊನೆಯಲ್ಲಿ ನಿಂತಂತೆ. ಮಗು ಕಂಡದ್ದನ್ನು ಕಂಡ ಹಾಗೆ ‘ಭಕಿತ’, ‘ಸೂಯರ’ ಎನ್ನುತ್ತದೆ. ಅದನ್ನು ದಡ್ಡತನ ಎಂದು ಕರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಗು ಲಿಪಿಯನ್ನು ಎಷ್ಟು ಸೂಕ್ಷ್ಮವಾಗಿ ನೋಡಿದೆ ಎನ್ನುವುದಕ್ಕೆ ಆ ತಪ್ಪೇ ಸಾಕ್ಷಿ.

ಕಾಗುಣಿತವನ್ನು ರಾಗವಾಗಿ ಹಾಡಿಸಿದರೆ ಈ ಗೋಜಲು ಬಿಡಿಸಿಕೊಳ್ಳುವುದಿಲ್ಲ. ‘ಕ ಕಾ ಕಿ ಕೀ’ ಸರಾಗವಾಗಿ ಹೇಳುವ ಮಗುವಿಗೆ ನಡುವಿನ ಒಂದು ಅಕ್ಷರ ತೋರಿಸಿದರೆ ಮತ್ತೆ ‘ಕ’ದಿಂದ ಹೊರಡುತ್ತದೆ. ನೆನಪಿನಲ್ಲಿರುವುದು ಹಾಡು. ‘ಕಿ’ ಎಂದರೆ ಕ್ ಮತ್ತು ಇ ಎಂದು ದನಿಯನ್ನು ಒಡೆದು ಕೂಡಿಸಿ ತೋರಿಸಬೇಕು, ಅದನ್ನೂ ಕ್ರಮವಾಗಿ, ವರ್ಷಗಟ್ಟಲೆ. ಕನ್ನಡ ಮಕ್ಕಳ ಓದಿನ ಬಗ್ಗೆ ಮನೋವಿಜ್ಞಾನಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಕ್ಷರ ಕಲಿಕೆ ಒಂದನೇ ತರಗತಿಯಲ್ಲಿ ಮುಗಿಯದೆ ಮೂರು-ನಾಲ್ಕನೇ ತರಗತಿಯವರೆಗೂ ಸಾಗುವುದು ಕಾಣುತ್ತದೆ. ನೂರಾರು ಗುಣಿತಾಕ್ಷರ, ಮೇಲೆ ಒತ್ತು, ಸಾಗಲೇಬೇಕು. ಹಾಗಿರುವಾಗ ‘ಅಕ್ಷರ ಒಂದರಲ್ಲೇ ಆಯಿತಲ್ಲ’ ಎಂದು ಎರಡನೇ ತರಗತಿಯಲ್ಲಿ ಪಾಠ ಓಡಿಸುವುದು ಅನ್ಯಾಯ.

ಓದಿಗೆಂದೇ ಹುಟ್ಟಿದ ಮಿದುಳು ಯಾರಿಗೂ ಇಲ್ಲ. ಬರವಣಿಗೆಗೆ ಸುಮಾರು ಐದು ಸಾವಿರ ವರ್ಷ. ವಿಕಾಸಕ್ಕೆ ಅದು ನಿನ್ನೆ ಮೊನ್ನೆಯ ಮಾತು. ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹಾನ್ ಮತ್ತು ಸಂಗಡಿಗರು ಅಕ್ಷರಸ್ಥರ, ಅನಕ್ಷರಸ್ಥರ ಮಿದುಳುಗಳನ್ನು ಹೋಲಿಸಿ 2010ರಲ್ಲಿ ತೋರಿಸಿದಂತೆ, ಎಡ ಮಿದುಳಿನ ತಳಭಾಗದ ಒಂದು ದೃಶ್ಯ ಪ್ರದೇಶ ಕಲಿಕೆಯಿಂದಲೇ ಅಕ್ಷರಕ್ಕೆ ಪಳಗುತ್ತದೆ. ಅದನ್ನು ಪಳಗಿಸುವುದು ಶಿಕ್ಷಕರ ಕೆಲಸ.

ಆ ಕೆಲಸದ ಜಾಗಕ್ಕೆ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಎಂಬ, ನಡುಮಿದುಳನ್ನು ಎಬ್ಬಿಸುತ್ತೇವೆನ್ನುವ ತರಬೇತಿಯ ಮೋಸ ನುಗ್ಗಿತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಮಗು ಓದುತ್ತದಂತೆ! ಮೂಗಿನ ಪಕ್ಕದ ಸಂದಿಯಿಂದ ಇಣುಕುವ ಈ ಆಟವನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಊರೂರಿನಲ್ಲಿ ಬಯಲು ಮಾಡಿದ್ದಾರೆ. ನಡುಮಿದುಳಿಗೆ ಕಣ್ಣಿನ ಚಲನೆಯಂಥ ತನ್ನದೇ ಕೆಲಸಗಳಿವೆ, ಯಾರೂ ಎಬ್ಬಿಸಬೇಕಾಗಿಲ್ಲ. ಆದರೆ ದುಡ್ಡು ಕೊಟ್ಟ ಹೆತ್ತವರ ಆಸೆ ಸುಳ್ಳಲ್ಲ. ತರಗತಿಯಲ್ಲಿ ಓದು ಹತ್ತದ ಮಗುವಿಗೆ ದಾರಿ ಹುಡುಕುತ್ತಾ ಹೋದವರೂ ಅವರಲ್ಲಿರುತ್ತಾರೆ.

ಆ ಹುಡುಗಿ ಈಗ ಅಭ್ಯಾಸ ಪಾಠಕ್ಕೆ ಹೋಗುತ್ತಿದ್ದಾಳೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಜೊತೆಗೆ ಅಕ್ಕನ ಮಗ, ಎರಡನೇ ತರಗತಿ. ಎದುರು ನಿಂತ ಬಸ್ಸಿನ ನೆತ್ತಿಯ ಹೆಸರನ್ನು ಅವನು ಓದುತ್ತಿದ್ದ: ‘ಶ್ರೀ... ದುಗಾರ್...’ ಅವಳು ತಿದ್ದಲಿಲ್ಲ. ಬಗ್ಗಿ ಅವನ ಅಂಗೈಯಲ್ಲಿ ಬೆರಳಿನಿಂದ ಬರೆದು, ಕೊನೆಯ ಅರ್ಕಾವೊತ್ತನ್ನು ಒತ್ತಿ ಹಿಡಿದು, ‘ಇವನು ಎಲ್ಲಿ ನಿಂತರೂ ಗಾ ಬರುವ ಮೊದಲೇ ಮಾತಾಡುತ್ತಾನೆ ಮಾರಾಯ’ ಎಂದಳು. ಹುಡುಗ ಬಸ್ಸನ್ನೂ ಅಂಗೈಯನ್ನೂ ಎರಡೆರಡು ಸಲ ನೋಡಿದ. ‘ದುರ್... ಗಾ. ದುರ್ಗಾ!’ ಆಮೇಲೆ ಪರಮೇಶ್ವರಿಯನ್ನು ಯಾರನ್ನೂ ಕೇಳದೆ ಓದಿ ಮುಗಿಸಿದ.