ಹಳೆಯ ರೀಲನ್ನು ಮೊಬೈಲಿನಲ್ಲಿ ಹಿಡಿದರೆ ಚಿತ್ರ ಮಿಣುಕುವುದೇಕೆ?

ಪ್ರಶ್ನೆ: ಅಜ್ಜನ ಕಾಲದ ಸೂಪರ್ 8 (8 ಮಿ.ಮೀ. ಅಗಲದ ಸಿನಿಮಾ ಫಿಲ್ಮ್) ರೀಲುಗಳು ಅಟ್ಟದಲ್ಲಿ ಸಿಕ್ಕಿವೆ, ಪ್ರೊಜೆಕ್ಟರ್ ಕೂಡ ಓಡುತ್ತಿದೆ. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಚಿತ್ರವೆಲ್ಲ ಮಿಣುಕುತ್ತದೆ. ಬರಿಗಣ್ಣಿಗೆ ಹಾಗೆ ಕಾಣುವುದಿಲ್ಲವಲ್ಲ?

ಉತ್ತರ: ಮೊಬೈಲೂ ಸರಿಯಿದೆ, ಪ್ರೊಜೆಕ್ಟರೂ ಸರಿಯಿದೆ, ಎರಡರ ತಾಳ ಕೂಡುತ್ತಿಲ್ಲ, ಅಷ್ಟೇ. ಮೂಕಿ ಸೂಪರ್ 8 ಸಾಮಾನ್ಯವಾಗಿ ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ ಓಡುತ್ತದೆ. ಒಂದು ಚಿತ್ರ ಸರಿದು ಮುಂದಿನದು ಬರುವಾಗ ಶಟರ್ ಬೆಳಕನ್ನು ಮರೆಮಾಡಬೇಕು. ಬರೀ 18 ಸಲ ಕತ್ತಲಾದರೆ ಕಣ್ಣಿಗೆ ಹಿಂಸೆ. ಅದಕ್ಕೇ ಶಟರಿಗೆ ಮೂರು ರೆಕ್ಕೆ ಇಟ್ಟು ಒಂದೊಂದು ಚಿತ್ರವನ್ನೂ ಮೂರು ಸಲ ಬೆಳಗಿಸುತ್ತಾರೆ: ಸೆಕೆಂಡಿಗೆ 54 ಮಿಂಚು. ಕಣ್ಣು ಅದನ್ನು ಒಂದೇ ಬೆಳಕೆಂದು ನಂಬಿಬಿಡುತ್ತದೆ. ಸೆಕೆಂಡಿಗೆ 30 ಸಲ ರೆಪ್ಪೆ ತೆರೆಯುವ ಮೊಬೈಲು ನಂಬುವುದಿಲ್ಲ. ಅದಕ್ಕೆ ಒಮ್ಮೆ ಹೆಚ್ಚು ಬೆಳಕು ಸಿಕ್ಕರೆ ಮರುಕ್ಷಣ ಕಡಿಮೆ.

ಮದ್ದು ಸರಳ. ಮೊಬೈಲಿನ ಕ್ಯಾಮೆರಾವನ್ನು ಪ್ರೊ ಮೋಡಿಗೆ (ಎಲ್ಲವನ್ನೂ ನಾವೇ ಹೊಂದಿಸುವ ವಿಧಾನ) ತಂದು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಎಂದು ನಿಲ್ಲಿಸಿ. ನಂತರ ಪ್ರೊಜೆಕ್ಟರಿನ ವೇಗದ ತಿರುಪನ್ನು ಕೂದಲೆಳೆಯಷ್ಟು ಇಳಿಸುತ್ತ ಹೋಗಿ. ವೇಗ ಸುಮಾರು 16.67ಕ್ಕೆ ಬಂದಾಗ ಮೂರು ರೆಕ್ಕೆಯ ಲೆಕ್ಕದಲ್ಲಿ ಸರಿಯಾಗಿ 50 ಮಿಂಚು; ಮೊಬೈಲಿನ ಒಂದೊಂದು ಫ್ರೇಮಿಗೂ ಸಮನಾದ ಬೆಳಕು. ಮೊಬೈಲಿನ ಪರದೆ ನೋಡುತ್ತಲೇ ತಿರುಗಿಸಿ: ಮಿಣುಕು ನಿಧಾನವಾಗುತ್ತದೆ, ಮೇಲಿಂದ ಕೆಳಗೆ ತೇಲುವ ನೆರಳಾಗುತ್ತದೆ, ಆಮೇಲೆ ತಟ್ಟನೆ ನಿಂತುಹೋಗುತ್ತದೆ. ಅಲ್ಲಿಗೆ ಕೈ ತೆಗೆಯಿರಿ. ಮೋಟಾರು ಬಿಸಿಯಾದಂತೆ ವೇಗ ಕದಲುವುದರಿಂದ, ಬೇಡದ ರೀಲೊಂದನ್ನು ಹತ್ತು ನಿಮಿಷ ಓಡಿಸಿದ ಮೇಲೆ ಈ ಕೆಲಸಕ್ಕೆ ಕೂರುವುದು ಮೇಲು. ವೇಗ ಇಳಿಸಿದ್ದರಿಂದ ಚಿತ್ರದಲ್ಲಿ ಎಲ್ಲರ ನಡಿಗೆ ಒಂದಿಷ್ಟು ಮಂದವಾಗಿರುತ್ತದೆ. ಸಂಕಲನದಲ್ಲಿ ವೇಗವನ್ನು ಶೇ. 108ಕ್ಕೆ ಏರಿಸಿದರೆ ಸರಿಹೋಗುತ್ತದೆ.

ಇನ್ನು ಗೋಡೆಯ ವಿಚಾರ. ಗೋಡೆ ಬೇಡ. ಸುಣ್ಣದ ತರಿಯೂ ಚಿತ್ರದೊಳಗೆ ಬರುತ್ತದೆ. ಹೊಳಪಿಲ್ಲದ ದಪ್ಪ ಬಿಳಿ ಹಾಳೆಯ ಮೇಲೆ, ಎ4 ಅಗಲಕ್ಕೆ ಮೀರದಂತೆ ಚಿತ್ರ ಬೀಳಿಸಿ. ಚಿಕ್ಕದಾದಷ್ಟೂ ಬೆಳಕು ಗಟ್ಟಿ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಪ್ರೊಜೆಕ್ಟರಿನ ಲೆನ್ಸಿಗೆ ಅಂಟಿದಷ್ಟು ಹತ್ತಿರ ಇಡಿ. ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗುತ್ತದೆ. ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ.

ಓಡಿಸುವ ಮೊದಲು ಫಿಲ್ಮಿನ ಅಂಚನ್ನು ಬೆಳಕಿಗೆ ಹಿಡಿದು ನೋಡಲೇಬೇಕು. 1965ರಲ್ಲಿ ಬಂದ ಸೂಪರ್ 8ರ ತೂತು ಸಣ್ಣದು, ಚಿತ್ರದ ನಡುಮಟ್ಟದಲ್ಲಿರುತ್ತದೆ. 1932ರ ಹಳೆಯ 8 ಮಿ.ಮೀ. ಫಿಲ್ಮಿನ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಬಳಿ. ಅಗಲ ಒಂದೇ ಎಂದು ಒಂದರ ಯಂತ್ರಕ್ಕೆ ಇನ್ನೊಂದನ್ನು ತುರುಕಿದರೆ ತೂತು ಹರಿಯುತ್ತದೆ. ಹರಿದ ತೂತಿಗೆ ಸಿಕ್ಕಿ ಫಿಲ್ಮು ನಿಂತರೆ ದೀಪದ ಕಾವು ಬಿಡುವುದಿಲ್ಲ. ನಮ್ಮ ಚಿಕ್ಕಪ್ಪನ ಧಾರೆಯ ದೃಶ್ಯದಲ್ಲಿ ಹಾಗಾಯಿತು: ಚಿಕ್ಕಮ್ಮನ ಮುಖದ ನಡುವೆ ಕಂದು ಗುಳ್ಳೆಯೆದ್ದು, ನಾನು ಸ್ವಿಚ್ಚು ಹುಡುಕುವಷ್ಟರಲ್ಲಿ ಅಂಚಿನವರೆಗೂ ಹರಡಿತ್ತು.

ಆ ಭಯವಿದ್ದವರಿಗೆ ಒಂದೊಂದೇ ಚಿತ್ರವನ್ನು ಫೋಟೊ ತೆಗೆಯುವ ಸಣ್ಣ ಸ್ಕ್ಯಾನರ್ ಇದೆ. ಸೆಕೆಂಡಿಗೆ ಎರಡು ಚಿತ್ರ ಹಿಡಿಯುವ ಯಂತ್ರಕ್ಕೆ 50 ಅಡಿಯ ರೀಲಿನ 3,600 ಚಿತ್ರಗಳು ಮುಗಿಯಲು ಅರ್ಧ ಗಂಟೆ ಬೇಕು. ಓಡಿಸಿದರೆ ಅದು 3 ನಿಮಿಷ 20 ಸೆಕೆಂಡಿನ ಸಿನಿಮಾ. ಮಿಣುಕುವ ಮಾತೇ ಇಲ್ಲ. ಆದರೆ ಧ್ವನಿಪಟ್ಟಿ ಇರುವ ಫಿಲ್ಮಾದರೆ ಧ್ವನಿಯನ್ನು ಬೇರೆಯಾಗಿಯೇ ಹಿಡಿಯಬೇಕು.

ಡಬ್ಬಿ ತೆರೆದಾಗ ವಿನಿಗರ್ ವಾಸನೆ ಮೂಗಿಗೆ ಬಡಿದರೆ ಫಿಲ್ಮಿನ ಪಟ್ಟಿಯ ಮೂಲವಸ್ತುವಾದ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದರ್ಥ. ಅಂಥ ಫಿಲ್ಮು ಕುಗ್ಗಿ ಸುರುಳಿಗಟ್ಟುತ್ತ ಹೋಗುತ್ತದೆ, ವಾಸನೆ ಪಕ್ಕದ ರೀಲಿಗೂ ಅಂಟುತ್ತದೆ. ಅದನ್ನು ಬೇರೆ ಇಟ್ಟು, ಎಲ್ಲಕ್ಕಿಂತ ಮೊದಲು ಅದನ್ನೇ ವಿಡಿಯೊ ಮಾಡಿ ಮುಗಿಸಿ.