ಭೂಮಿಪುತ್ರ ಬೇರೆ, ಮಣ್ಣಿನ ಮಗ ಬೇರೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯ ಪ್ರೂಫ್ ಪ್ರತಿ ವರ್ಷ ನನ್ನ ಕೈಗೆ ಬರುತ್ತದೆ. ಈ ಸಲ ಮುಂಬೈ ರಾಜಕೀಯದ ಮೇಲೆ ಒಂದು ಲೇಖನ ಇತ್ತು. ಮೂರನೇ ಸಾಲಿಗೇ ಪೆನ್ನು ನಿಂತಿತು. "ಶಿವಸೇನೆ ಅಂದಿನಿಂದ ಇಂದಿನವರೆಗೂ ಮಣ್ಣಿನ ಮಕ್ಕಳ ಪಕ್ಷ" ಎಂದು ಬರೆದಿದ್ದರು. ಗದಗದಿಂದ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ಕೂತಿದ್ದರು. ಅವರಿಗೆ ಸಾಲು ಓದಿ ಹೇಳಿದೆ. "ಹಂಗಾದ್ರ ಇದು ರೈತರ ಪಕ್ಷ ಏನ್ರೀ? ನಾ ಬ್ಯಾರೇನ ತಿಳ್ಕೊಂಡಿದ್ನಲ್ಲ" ಅಂದರು.

ಅವರದ್ದೇನೂ ತಪ್ಪಿಲ್ಲ. ತಪ್ಪು ಆ ಸಾಲಿನದು. ರಾಜಕೀಯದಲ್ಲಿ 'ಈ ನೆಲದ ಮೂಲದವನು' ಎಂಬ ಅರ್ಥದಲ್ಲಿ ಓಡಾಡುವ ಮರಾಠಿಯ 'ಭೂಮಿಪುತ್ರ'ವನ್ನು ಕನ್ನಡಕ್ಕೆ ತರುವಾಗ ಕಣ್ಣು ಮುಚ್ಚಿ 'ಮಣ್ಣಿನ ಮಗ' ಎಂದು ಬರೆಯುವ ಅಭ್ಯಾಸ ಪತ್ರಿಕೆಗಳಲ್ಲಿದೆ, ಟೀವಿಯಲ್ಲಿದೆ, ಭಾಷಣಗಳಲ್ಲೂ ಇದೆ. ಭೂಮಿ ಅಂದರೆ ಮಣ್ಣು, ಪುತ್ರ ಅಂದರೆ ಮಗ, ಆಯಿತಲ್ಲ ಎನ್ನುವ ಲೆಕ್ಕ. ಆಗಲಿಲ್ಲ. ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಕರ್ನಾಟಕದಲ್ಲಿ ಮಣ್ಣಿನ ಮಗ ಅಂದರೆ ನೇಗಿಲು ಹಿಡಿದವನು. ದೇವೇಗೌಡರನ್ನು ಹಾಗೆ ಕರೆಯುವುದು ಅವರು ಹಾಸನ ಜಿಲ್ಲೆಯಲ್ಲಿ ಹುಟ್ಟಿದರು ಎಂದಲ್ಲ, ಬೇಸಾಯದ ಮನೆಯಿಂದ ಬಂದವರು ಎಂದು. ಆ ಮಾತಿನಲ್ಲಿ ಊರು ಯಾವುದು, ಮನೆಮಾತು ಯಾವುದು ಎಂಬ ಪ್ರಶ್ನೆಯೇ ಬರುವುದಿಲ್ಲ. ಪಂಜಾಬಿನಲ್ಲಿ ಗೋಧಿ ಬೆಳೆಯುವವನೂ ಮಣ್ಣಿನ ಮಗನೇ.

ಮುಂಬೈಯಲ್ಲಿ 1966ರ ಜೂನ್ 19ರಂದು ಶಿವಸೇನೆ ಹುಟ್ಟಿದಾಗ ಭೂಮಿಪುತ್ರ ಎಂದು ಕರೆಸಿಕೊಂಡವನು ಬೇರೆಯೇ ಮನುಷ್ಯ. ಅವನು ಗಿರಗಾಂವದ್ದೋ ಲಾಲ್‌ಬಾಗ್‌ದ್ದೋ ಚಾಳಿನ ಹುಡುಗ. ಮೆಟ್ರಿಕ್ ಪಾಸು. ಟೈಪಿಂಗ್ ಕಲಿತು ಆಫೀಸಿನ ಗುಮಾಸ್ತಿ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದವನು. ಅವನ ಅಪ್ಪನಿಗೆ ಕೊಂಕಣದಲ್ಲಿ ತುಂಡು ಗದ್ದೆ ಇದ್ದಿರಬಹುದು. ಆದರೆ ಅವನ ಕೈಗೆ ಮಣ್ಣು ಅಂಟಿರಲಿಲ್ಲ. ಅವನು ಕೇಳುತ್ತಿದ್ದದ್ದು ನೌಕರಿ. ಸೇನೆ ಕಟ್ಟಿದ ಬಾಳ್ (ಬಾಳಾಸಾಹೇಬ್) ಠಾಕರೆ 1960ರಲ್ಲಿ ಶುರುಮಾಡಿದ್ದ 'ಮಾರ್ಮಿಕ್' ವಾರಪತ್ರಿಕೆ ಕಂಪನಿಗಳಲ್ಲಿ ಮೇಲಿನ ಹುದ್ದೆಯಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿ ಹಾಕುತ್ತಿತ್ತು. 'ಬಜಾವ್ ಪುಂಗಿ, ಹಟಾವ್ ಲುಂಗಿ' ಘೋಷಣೆ ಆ ಕಾಲದ್ದೇ. ಲುಂಗಿಯವರು ಅಂದರೆ ತಮಿಳರು, ಮಲಯಾಳಿಗಳು, ಉಡುಪಿ ಹೋಟೆಲಿನ ನಮ್ಮವರು, ಎಲ್ಲ ಒಂದೇ.

ನಮ್ಮ ಸೋದರಮಾವ ಆಗ ಫೋರ್ಟಿನ ಒಂದು ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುತ್ತಿದ್ದರು. ರಾತ್ರಿ ಹೊತ್ತು ಕನ್ನಡ ರಾತ್ರಿಶಾಲೆ. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ 'ಭೂಮಿಪುತ್ರ' ಎಂಬ ಅಕ್ಷರಗಳನ್ನು ಕೂಡಿಸಿ ಓದಿ, ಮೇಷ್ಟರ ಹತ್ತಿರ ಅರ್ಥ ಕೇಳಿದರಂತೆ. ಮೇಷ್ಟರು ಹೇಳಿದ್ದು ಇದೇ, ಮಣ್ಣಿನ ಮಗ. "ಹಾಂಗಾರೆ ನಾನೂ ಅದೇ ಅಲ್ದಾ? ಕುಂದಾಪ್ರದಗೆ ಗದ್ದೆ ಬಿಟ್ಟೇ ಬಂದದ್ದ್" ಎಂದು ಇವರು ಕೇಳಿದರು. ಹದಿನಾಲ್ಕು ವರ್ಷದ ಹುಡುಗ, ಹುಟ್ಟಿದಾಗಿನಿಂದ ಕೆಸರುಗದ್ದೆಯಲ್ಲಿ ಬೆಳೆದವನು. ಮಣ್ಣಿನ ಮಗ ಅನ್ನಿಸಿಕೊಳ್ಳಲು ಅವನಿಗಿಂತ ಯೋಗ್ಯ ಆ ಬೀದಿಯಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಗೋಡೆಯ ಮೇಲಿನ ಮಾತು ಯಾರನ್ನು ಹೊರಗಿಡಲು ಬರೆದದ್ದೋ ಅವರಲ್ಲಿ ಅವನೂ ಒಬ್ಬ. ಈ ಎರಡು ಪದ ಒಂದೇ ಎನ್ನುವವರಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ ಇದು.

ಪದ ಮೊದಲು ಎಲ್ಲಿತ್ತು ಎಂದು ನೋಡಿದರೆ ಗೊಂದಲ ಇನ್ನೂ ಸ್ಪಷ್ಟವಾಗುತ್ತದೆ. ಸಂಸ್ಕೃತದಲ್ಲಿ ಭೂಮಿಪುತ್ರ ಅಂದರೆ ರೈತನೂ ಅಲ್ಲ, ಊರಿನವನೂ ಅಲ್ಲ. ಅದು ಮಂಗಳ ಗ್ರಹದ ಹೆಸರು. ಭೌಮ ಅಂದರೂ ಅವನೇ. ಕುಜ ಅಂದರೂ ಅವನೇ: 'ಕು' ಅಂದರೆ ಭೂಮಿ, 'ಜ' ಅಂದರೆ ಹುಟ್ಟಿದವನು. ಹುಡುಗಿಯ ಜಾತಕ ನೋಡಿ "ಕುಜದೋಷ ಇದೆ" ಎನ್ನುವಾಗ ನಾವು ಹೇಳುತ್ತಿರುವುದು ಭೂಮಿಪುತ್ರನ ದೋಷ ಎಂದೇ. ನವಗ್ರಹ ಸ್ತೋತ್ರದಲ್ಲಿ ಅವನನ್ನು 'ಧರಣೀಗರ್ಭಸಂಭೂತಂ' ಎನ್ನುತ್ತಾರೆ. ಮಂಗಳವಾರ ಸಂಕಷ್ಟಿ ಬಂದರೆ ಮುಂಬೈಯ ಪ್ರಭಾದೇವಿ ಬಡಾವಣೆಯ ಸಿದ್ಧಿವಿನಾಯಕ ಗುಡಿಯ ಮುಂದೆ ಹಿಂದಿನ ರಾತ್ರಿಯಿಂದಲೇ ಸಾಲು ನಿಲ್ಲುತ್ತದಲ್ಲ, ಆ ಅಂಗಾರಕಿ ಅವನ ಹೆಸರಿನದೇ. ಭೂಮಿಯ ಮಗ ಅಂಗಾರಕ ಗಣಪತಿಯನ್ನು ಕುರಿತು ತಪಸ್ಸು ಮಾಡಿ, ತನ್ನ ವಾರದ ಚತುರ್ಥಿಗೆ ತನ್ನ ಹೆಸರು ಬರಲಿ ಎಂದು ವರ ಪಡೆದ ಕಥೆ. ಆ ಸಾಲಿನಲ್ಲಿ ಮರಾಠಿಗರು, ಗುಜರಾತಿಗಳು, ಬಿಹಾರಿಗಳು, ನಮ್ಮ ಮನೆಯವರು, ಎಲ್ಲರೂ ಇರುತ್ತಾರೆ.

ಪುರಾಣದಲ್ಲಿ ಇನ್ನೂ ಇಬ್ಬರಿದ್ದಾರೆ. ನೇಗಿಲಿನ ಸಾಲಿನಲ್ಲಿ ಸಿಕ್ಕ ಸೀತೆ ಭೂಮಿಜೆ. ಮರಾಠಿಯವರು ಭೂಮಿಕನ್ಯಾ ಎನ್ನುತ್ತಾರೆ. ಭೂದೇವಿಯ ಮಗ ನರಕಾಸುರ ಕೂಡ ಭೌಮ. ಗೋವಾದಲ್ಲಿ ನರಕ ಚತುರ್ದಶಿಯ ನಸುಕಿನಲ್ಲಿ ಓಣಿ ಓಣಿಗೂ ಅವನ ದೊಡ್ಡ ಬೊಂಬೆ ಸುಡುತ್ತಾರೆ. ಇದಲ್ಲದೆ ಅಥರ್ವವೇದದ ಭೂಮಿಸೂಕ್ತದಲ್ಲಿ 'ಮಾತಾ ಭೂಮಿಃ ಪುತ್ರೋ ಅಹಂ ಪೃಥಿವ್ಯಾಃ' ಎಂಬ ಮಾತಿದೆ. ಭೂಮಿ ತಾಯಿ, ನಾನು ಅವಳ ಮಗ. ಆ 'ನಾನು' ಯಾರು ಬೇಕಾದರೂ ಆಗಬಹುದು. ಇಷ್ಟೆಲ್ಲ ಅರ್ಥಗಳಲ್ಲಿ ಒಂದರಲ್ಲೂ 'ಮೊದಲು ಬಂದವರು, ಆಮೇಲೆ ಬಂದವರು' ಎಂಬ ಭೇದ ಇಲ್ಲ. ಅದು ರಾಜಕೀಯ ತಂದ ಅರ್ಥ. ಮಲೇಷ್ಯಾದಲ್ಲೂ ಹೀಗೇ ಆಯಿತು. ಅಲ್ಲಿ 'ಬೂಮಿಪುತೆರ' ಅಂದರೆ ಮಲಯರು ಮತ್ತು ಅಲ್ಲಿನ ಮೂಲನಿವಾಸಿಗಳು. 1971ರ ಆರ್ಥಿಕ ನೀತಿಯಿಂದ ಅದು ಸರ್ಕಾರದ ಲೆಕ್ಕದ ಪದವೇ ಆಗಿಹೋಯಿತು.

ಹಾಗಾಗಿ ನನ್ನ ಮಾತು ಇಷ್ಟು. ರಾಜಕೀಯದ ಭೂಮಿಪುತ್ರ ಎಂಬ ಪದದ ಹೊಟ್ಟೆಯಲ್ಲಿ ಯಾವಾಗಲೂ ಒಂದು ತಾರೀಖು ಇರುತ್ತದೆ: ಅದಕ್ಕೆ ಮೊದಲು ಬಂದವರು ಒಳಗಿನವರು, ಆಮೇಲೆ ಬಂದವರು ಹೊರಗಿನವರು. ಆ ತಾರೀಖು ಯಾವುದು ಎಂದು ಕೇಳದೆ ಪದ ಬಳಸಬಾರದು.

ಗೋವಾ ನೋಡಿ. 2021ರ ಜುಲೈ 30ರಂದು ಅಲ್ಲಿನ ವಿಧಾನಸಭೆ 'ಗೋವಾ ಭೂಮಿಪುತ್ರ ಅಧಿಕಾರಿಣಿ' ಮಸೂದೆ ಪಾಸು ಮಾಡಿತು. ಗೋವಾದಲ್ಲಿ 30 ವರ್ಷ ವಾಸವಿದ್ದವರು ಭೂಮಿಪುತ್ರರು. 2019ರ ಏಪ್ರಿಲ್ 1ಕ್ಕೆ ಮೊದಲು ಕಟ್ಟಿ ತಾವೇ ವಾಸವಿರುವ 250 ಚದರ ಮೀಟರ್‌ವರೆಗಿನ ಮನೆಗೆ ಅವರು ಹಕ್ಕು ಕೇಳಬಹುದು ಎಂದು ಅದರಲ್ಲಿತ್ತು. ವಾಸ್ಕೊ ಕಡೆ ಎರಡು ತಲೆಮಾರು ಕಳೆದ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರಿಗೂ ಆ ಲೆಕ್ಕದಲ್ಲಿ ಜಾಗ ಇತ್ತು. ಆದರೆ ಗೋವಾದಲ್ಲಿ ಭೂಮಿಪುತ್ರ ಎಂದು ಕರೆದುಕೊಳ್ಳುವವರು ಅಲ್ಲಿನ ಗಾವಡಾ, ಕುಣಬಿ, ವೇಳಿಪ ಬುಡಕಟ್ಟಿನವರು. ನಮ್ಮ ಹೆಸರನ್ನು ನೀವು ಎಲ್ಲರಿಗೂ ಹಂಚುವುದು ಹೇಗೆ ಎಂದು ಅವರು ಎದ್ದು ನಿಂತರು. ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಕೆಲವೇ ದಿನಗಳಲ್ಲಿ ಮಸೂದೆಯ ಹೆಸರಿನಿಂದ ಆ ಪದ ತೆಗೆಯುವುದಾಗಿ ಹೇಳಬೇಕಾಯಿತು. ಅದೇ ಗೋವಾದಲ್ಲಿ ರೆವಲ್ಯೂಷನರಿ ಗೋವನ್ಸ್ ಪಕ್ಷ ಕೇಳುವ ತಾರೀಖು ಬೇರೆ. ಅವರಿಗೆ ಬೇಕಾದದ್ದು 1961ರ ಡಿಸೆಂಬರ್, ಅಂದರೆ ಪೋರ್ಚುಗೀಸರು ಹೋದ ಹೊತ್ತು. ಸರ್ಕಾರದ ಗೆರೆ 30 ವರ್ಷದ್ದು, ಈ ಪಕ್ಷದ ಗೆರೆ 1961ರದ್ದು, ಗಾವಡಾ ಜನಕ್ಕೆ ಎರಡೂ ತೀರಾ ಇತ್ತೀಚಿನವು. ಇಷ್ಟು ಚಿಕ್ಕ ರಾಜ್ಯದಲ್ಲಿ ಒಂದೇ ಪದಕ್ಕೆ ಮೂರು ಗೆರೆ.

ನವಿ ಮುಂಬೈಯ ಕಥೆ ಇದಕ್ಕಿಂತ ಹತ್ತಿರದ್ದು. ಅಲ್ಲಿ ಭೂಮಿಪುತ್ರ ಎಂದರೆ ಗದ್ದೆ, ಉಪ್ಪಿನ ಕೆಲಸದ ಆಗ್ರಿ ಮತ್ತು ಮೀನು ಹಿಡಿಯುವ ಕೋಳಿ ಸಮುದಾಯದ ಜನ. ಹೊಸ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ 1970ರಲ್ಲಿ ಬಂದು 95 ಹಳ್ಳಿಗಳ ಜಮೀನು ತೆಗೆದುಕೊಂಡಿತು. ಗದ್ದೆ, ಉಪ್ಪಿನಗದ್ದೆ, ಖಾಡಿಯ (ಸಮುದ್ರದ ಹಿನ್ನೀರಿನ) ಮೀನು, ಎಲ್ಲ ಹೋಯಿತು. 1984ರ ಜನವರಿಯಲ್ಲಿ ಜಾಸಾಯಿ ಹೋರಾಟದಲ್ಲಿ ಗೋಲಿಬಾರ್ ಆಗಿ ಐದು ಜನ ಸತ್ತರು. ಆ ಹೋರಾಟ ನಡೆಸಿದವರು ದಿನಕರ ಬಾಳು ಪಾಟೀಲ್, ಅಂದರೆ ದಿ. ಬಾ. ಪಾಟೀಲ್. ಜಮೀನು ಕಳೆದುಕೊಂಡವರಿಗೆ ಹನ್ನೆರಡೂವರೆ ಪರ್ಸೆಂಟ್ ಅಭಿವೃದ್ಧಿಪಡಿಸಿದ ಭೂಮಿ ಸಿಕ್ಕಿದ್ದು ಆ ಹೋರಾಟದ ಫಲ. 2021ರಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ಹೆಸರಿಡುವ ಮಾತು ಬಂತು. ಶಿವಸೇನೆಯ ಮುಖ್ಯಮಂತ್ರಿ ಇದ್ದ ಸರ್ಕಾರ ಬಾಳಾಸಾಹೇಬ್ ಠಾಕರೆ ಹೆಸರು ಎಂದಿತು. ಆಗ್ರಿ, ಕೋಳಿ ಜನ ಬೀದಿಗೆ ಬಂದು ದಿ. ಬಾ. ಪಾಟೀಲ್ ಹೆಸರೇ ಬೇಕು ಎಂದರು. ಭೂಮಿಪುತ್ರರ ಹೆಸರಿನಲ್ಲಿ ಹುಟ್ಟಿದ ಪಕ್ಷದ ಎದುರಿಗೆ ಭೂಮಿಪುತ್ರರೇ ಮಾನವ ಸರಪಳಿ ಕಟ್ಟಿ ನಿಂತರು. ಎರಡು ಕಡೆಯವರೂ ಮರಾಠಿಗರೇ. ಕೊನೆಗೆ 2022ರ ಜೂನ್ 29ರಂದು ಉದ್ಧವ್ ಠಾಕರೆ ಸರ್ಕಾರದ ಕಡೆಯ ಸಂಪುಟ ಸಭೆ ಪಾಟೀಲರ ಹೆಸರಿಗೆ ಒಪ್ಪಿತು. ನಮ್ಮ ಲೇಖಕರು ಬರೆದ 'ಮಣ್ಣಿನ ಮಕ್ಕಳು' ನಿಜವಾಗಿ ಸಲ್ಲುವುದಾದರೆ ಈ ಹಳ್ಳಿಯವರಿಗೆ ಸಲ್ಲುತ್ತದೆ. ಮಣ್ಣು ಕಳೆದುಕೊಂಡವರು ಅವರು.

ಕಾನೂನು ಏನು ಹೇಳುತ್ತದೆ? ಮಹಾರಾಷ್ಟ್ರದ ಕಾಗದದಲ್ಲಿ ಭೂಮಿಪುತ್ರ ಎಂಬ ಕಾಲಂ ಇಲ್ಲ. ಇರುವುದು 'ಸ್ಥಾನಿಕ' (ಸ್ಥಳೀಯ) ಮತ್ತು 'ಅಧಿವಾಸ' (ಖಾಯಂ ವಾಸ). ಹೋದ ವರ್ಷ ಅಣ್ಣನ ಮಗಳ ಕಾಲೇಜು ಅಡ್ಮಿಷನ್‌ಗೆ 'ವಯ, ರಾಷ್ಟ್ರೀಯತ್ವ ಆಣಿ ಅಧಿವಾಸ' ಸರ್ಟಿಫಿಕೇಟ್ ಮಾಡಿಸಿದೆವು. 15 ವರ್ಷ ಇಲ್ಲೇ ಇದ್ದೇವೆ ಎನ್ನುವುದಕ್ಕೆ ಲೈಟ್ ಬಿಲ್ಲು, ರೇಷನ್ ಕಾರ್ಡು, ಶಾಲೆಯ ದಾಖಲೆ ಇಟ್ಟರೆ ಸಾಕು. ಮನೆಮಾತು ಯಾವುದು ಎಂದು ಯಾರೂ ಕೇಳಲಿಲ್ಲ. ಆದರೆ ಇನ್ನೊಂದು ನಿಯಮವೂ ಇದೆ, ಅದು ನಮ್ಮವರಿಗೆ ಜಾಸ್ತಿ ಗೊತ್ತಿಲ್ಲ. ಕರ್ನಾಟಕದಲ್ಲಿರುವ, ಆದರೆ ಮಹಾರಾಷ್ಟ್ರ ತನ್ನದು ಎನ್ನುವ ಗಡಿಯ 865 ಹಳ್ಳಿಗಳಲ್ಲಿ 15 ವರ್ಷ ಇದ್ದ, ಮನೆಮಾತು ಮರಾಠಿಯಾದವರಿಗೆ ಇಲ್ಲಿನ ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಅವಕಾಶ ಇದೆ. ಬೆಳಗಾವಿ ಕಡೆ ಹುಟ್ಟಿ ಬೆಳೆದವರು ಇಲ್ಲಿ ಸ್ಥಳೀಯರ ಲೆಕ್ಕಕ್ಕೆ ಬರುತ್ತಾರೆ. ಅಂದಮೇಲೆ ಭೂಮಿ ಎನ್ನುವಲ್ಲಿ ನಿಜವಾಗಿ ಕೂತಿರುವುದು ಭಾಷೆ. ಭೂಮಿಪುತ್ರ ಎಂಬ ಪದವನ್ನು ಅಕ್ಷರ ಅಕ್ಷರ ಬಿಡಿಸಿ ಅರ್ಥ ಮಾಡಬಾರದು ಎನ್ನುವುದು ಇದಕ್ಕೇ.

ಇಲ್ಲಿನವರಿಗೇ ಮೊದಲು ನೌಕರಿ ಎಂಬ ಬೇಡಿಕೆ ಕರ್ನಾಟಕದಲ್ಲೂ ಇದೆ. ಸರೋಜಿನಿ ಮಹಿಷಿ ಸಮಿತಿಯ 58 ಶಿಫಾರಸುಗಳು ಬಂದು ನಾಲ್ಕು ದಶಕ ಆಗುತ್ತಾ ಬಂತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿಯಿತು. ಅಲ್ಲಿ ನಾವು ಬಳಸಿದ ಪದ 'ಸ್ಥಳೀಯರು', 'ಕನ್ನಡಿಗರು'. ಮಣ್ಣಿನ ಮಗ ಎಂದು ಯಾರೂ ಅನ್ನಲಿಲ್ಲ. ನಮ್ಮದಕ್ಕೆ ಸರಿಯಾದ ಪದ ಹಾಕುವವರಿಗೆ ಪಕ್ಕದ ಮನೆಯದಕ್ಕೆ ಹಾಕಲು ಏನು ಕಷ್ಟ?

ಇನ್ನು ಆ ಸಾಲಿನ ಎರಡನೇ ತಪ್ಪು: 'ಅಂದಿನಿಂದ ಇಂದಿನವರೆಗೂ'. ಸೇನೆ ಎಂಬತ್ತರ ದಶಕದಲ್ಲಿ ಹಿಂದುತ್ವದ ಕಡೆ ತಿರುಗಿತು; 1987ರ ವಿಲೆ ಪಾರ್ಲೆ ಉಪಚುನಾವಣೆಯನ್ನು ಅದರ ಮೇಲೆಯೇ ಗೆದ್ದಿತು. 1995ರಲ್ಲಿ ಬಿಜೆಪಿ ಜೊತೆ ಸರ್ಕಾರ ಮಾಡಿತು, 2019ರಲ್ಲಿ ಕಾಂಗ್ರೆಸ್ ಮತ್ತು ಎನ್‌ಸಿಪಿ ಜೊತೆ. ಅದೇ ಸೇನೆಯ ಆಡಳಿತ ವರ್ಷಗಟ್ಟಲೆ ಇದ್ದ ಮುಂಬೈ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿತು, ಇದನ್ನೂ ನಾವು ಮರೆಯಬಾರದು. ಈಗ ಸೇನೆ ಎರಡು. 2023ರ ಫೆಬ್ರವರಿ 17ರಂದು ಚುನಾವಣಾ ಆಯೋಗ ಪಕ್ಷದ ಹೆಸರು ಮತ್ತು ಬಿಲ್ಲುಬಾಣದ ಚಿಹ್ನೆಯನ್ನು ಏಕನಾಥ ಶಿಂದೆ ಬಣಕ್ಕೆ ಕೊಟ್ಟಿತು. ಉದ್ಧವ್ ಅವರ ಬಣದ ಕೈಯಲ್ಲಿರುವುದು ಪಂಜಿನ ಚಿಹ್ನೆ. ಶಿಂದೆಯವರ ಸೇನೆ ಬಾಳಾಸಾಹೇಬರ ಹಿಂದುತ್ವಕ್ಕೆ ತಾನೇ ವಾರಸುದಾರ ಎನ್ನುತ್ತದೆ. ಉದ್ಧವ್ ಅವರದ್ದು ಮರಾಠಿ ಅಸ್ಮಿತೆಯನ್ನು ಮತ್ತೆ ಮುಂದಿಟ್ಟಿದೆ. ಒಂದನೇ ತರಗತಿಯಿಂದ ಹಿಂದಿ ತರುವ ಆದೇಶವನ್ನು ಸರ್ಕಾರ ಹಿಂತೆಗೆದುಕೊಂಡ ಮೇಲೆ, 2025ರ ಜುಲೈ 5ರಂದು ಮುಂಬೈಯ ವರ್ಳಿಯಲ್ಲಿ ಉದ್ಧವ್ ಮತ್ತು ಸೇನೆ ಬಿಟ್ಟು ಬೇರೆ ಪಕ್ಷ ಕಟ್ಟಿದ ಅವರ ಚಿಕ್ಕಪ್ಪನ ಮಗ ರಾಜ್ ಠಾಕರೆ ಸುಮಾರು ಇಪ್ಪತ್ತು ವರ್ಷಗಳ ನಂತರ ಒಂದೇ ವೇದಿಕೆ ಹತ್ತಿದರು. ಅಲ್ಲಿ ವಿಷಯ ಗುಮಾಸ್ತನ ನೌಕರಿ ಆಗಿರಲಿಲ್ಲ, ಶಾಲೆಯ ಭಾಷೆ ಆಗಿತ್ತು. 1966ರಲ್ಲಿ ಎದುರಿಗಿದ್ದವರು ದಕ್ಷಿಣದವರು. ಹಿಂದಿ ಹೇರಿಕೆಯ ಮಾತು ಬಂದಾಗ ಇವತ್ತು ಅದೇ ದಕ್ಷಿಣದ ರಾಜ್ಯಗಳ ಉದಾಹರಣೆ ಕೊಡುತ್ತಾರೆ. ಅರವತ್ತು ವರ್ಷದಲ್ಲಿ ಇಷ್ಟು ತಿರುವು ಕಂಡ ಪಕ್ಷಕ್ಕೆ 'ಅಂದಿನಿಂದ ಇಂದಿನವರೆಗೂ' ಎಂದು ಒಂದೇ ಪದ ಅಂಟಿಸಿದರೆ ಓದುವವರಿಗೆ ಏನು ತಿಳಿಯುತ್ತದೆ?

ಪ್ರೂಫಿನಲ್ಲಿ ಆ ಸಾಲು ಹೊಡೆದು ಹೀಗೆ ಬರೆದೆ: "ಮುಂಬೈಯ ನೌಕರಿಗಳಲ್ಲಿ ಮರಾಠಿಗರಿಗೆ ಮೊದಲ ಹಕ್ಕು ಎಂದು 1966ರಲ್ಲಿ ಹುಟ್ಟಿದ ಶಿವಸೇನೆ, ಆಮೇಲೆ ಹಿಂದುತ್ವವನ್ನೂ ಕೂಡಿಸಿಕೊಂಡು, ಈಗ ಎರಡು ಪಕ್ಷಗಳಾಗಿದೆ." ಲೇಖಕರು ಸಂಜೆ ಫೋನ್ ಮಾಡಿದರು. "ಸಾಲು ಸ್ವಲ್ಪ ಉದ್ದ ಆಯ್ತು ಅಲ್ವಾ ಸರ್?" ಎಂದರು. ಪುಟದ ಕೆಳಗೆ ಸೀರೆ ಅಂಗಡಿಯ ಜಾಹೀರಾತು ಇದೆ, ಅದನ್ನು ಒಂದಂಗುಲ ಚಿಕ್ಕದು ಮಾಡಿಸಿ ಎಂದೆ.