ಫ್ಲಾವನಾಲ್ ಅಂದರೇನು? ಚಾಕೊಲೇಟಿಗೂ ಮೆದುಳಿನ ರಕ್ತಕ್ಕೂ ಏನು ನಂಟು?

ನಮ್ಮಕ್ಕನ ಮಗ ಈ ವರ್ಷ ಸೆಕೆಂಡ್ ಪಿಯುಸಿ. ಮೊನ್ನೆ ಜಯನಗರ ನಾಲ್ಕನೇ ಬ್ಲಾಕ್‌ನ ಅಂಗಡಿಯಲ್ಲಿ ಎರಡು ಡಾರ್ಕ್ ಚಾಕೊಲೇಟ್ ಹಿಡಿದು, "ಚಿಕ್ಕಮ್ಮ, ಇದು ತಿಂದ್ರೆ ಮೆದುಳಿಗೆ ರಕ್ತ ಜಾಸ್ತಿ ಹೋಗುತ್ತಂತೆ, ಹೌದಾ?" ಅಂತ ಕೇಳಿದ. ಒಂದೇ ಮಾತಲ್ಲಿ ಹೌದು ಅನ್ನುವ ಹಾಗಿಲ್ಲ. ಮೊದಲು ಫ್ಲಾವನಾಲ್ ಅನ್ನುವ ಪದ ಗೊತ್ತಾಗಬೇಕು.

ಫ್ಲಾವನಾಲ್ ಅಂದರೆ ಕೆಲವು ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ. ಚಹಾ, ಸೇಬು, ದ್ರಾಕ್ಷಿಯಲ್ಲೂ ಇದೆ, ಕೊಕೊ ಬೀಜದಲ್ಲಿ ಹೇರಳ. ಪುತ್ತೂರಿನ ಕಡೆ ಅಡಿಕೆ ತೋಟಗಳಲ್ಲಿ ಕೊಕೊ ಬೆಳೆಯುತ್ತಾರಲ್ವಾ, ಅಲ್ಲಿ ಹಣ್ಣಿನ ತಿರುಳು ಚೀಪುವಾಗ ಬೀಜ ಕಚ್ಚಿದವರಿಗೆ ಅದರ ಕಹಿ, ಒಗರು ಗೊತ್ತಿರುತ್ತದೆ. ಆ ರುಚಿಯಲ್ಲಿ ಇದರ ಪಾಲು ದೊಡ್ಡದು. (ಈರುಳ್ಳಿಯಲ್ಲಿರುವುದು ಫ್ಲಾವೊನಾಲ್. ಕೇಳಲು ಒಂದೇ ಥರ, ವಸ್ತು ಬೇರೆ.)

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ನಮ್ಮ ರಕ್ತನಾಳಗಳ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲವನ್ನು ತಾನೇ ತಯಾರಿಸುತ್ತದೆ, ಅದು ನಾಳದ ಗೋಡೆಯ ಸ್ನಾಯುವಿಗೆ ತಲುಪಿದಾಗ ಸ್ನಾಯು ಸಡಿಲವಾಗುತ್ತದೆ, ನಾಳ ಹಿಗ್ಗುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ 1998ರಲ್ಲಿ ನೊಬೆಲ್ ಬಂತು. ಕೊಕೊದ ಫ್ಲಾವನಾಲ್, ಮುಖ್ಯವಾಗಿ ಎಪಿಕ್ಯಾಟೆಚಿನ್, ಈ ಅನಿಲ ಹೆಚ್ಚು ಸಿಗುವಂತೆ ಮಾಡುತ್ತದೆ. ಮೆದುಳಿನ ತೂಕ ದೇಹದ ಸುಮಾರು 2%, ಆದರೆ ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 20%. ಹಾಗಾಗಿ ಅಲ್ಲಿನ ರಕ್ತದ ಹರಿವಿನ ಬಗ್ಗೆ ಇಷ್ಟು ಕುತೂಹಲ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವತಿಯರಿಗೆ ಐದು ದಿನ ಫ್ಲಾವನಾಲ್ ಹೆಚ್ಚಿರುವ ಕೊಕೊ ಪಾನೀಯ ಕೊಟ್ಟು, ಸ್ಕ್ಯಾನರ್‌ನಲ್ಲಿ ಮಲಗಿಸಿ ಒಂದು ಚಿಕ್ಕ ಬುದ್ಧಿ ಕೆಲಸ ಮಾಡಿಸಿದರು. ರಕ್ತದ ಹರಿವಿಗೆ ಸಂಬಂಧಿಸಿದ ಸಂಕೇತ ಜೋರಾಯಿತು. ಆದರೆ ಕೊಟ್ಟ ಕೆಲಸವನ್ನು ಅವರು ಮೊದಲಿಗಿಂತ ಚೆನ್ನಾಗಿ ಮಾಡಲಿಲ್ಲ! ಪರೀಕ್ಷೆ ಬರೆಯುವ ಮಕ್ಕಳು ಗಮನಿಸಬೇಕಾದ್ದು ಇದನ್ನೇ. ವಯಸ್ಸಾದವರ ವಿಷಯದಲ್ಲೂ ಅಷ್ಟೇ: ಅಮೆರಿಕದಲ್ಲಿ 65 ದಾಟಿದ 2,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೂರು ವರ್ಷ ದಿನಾ 500 ಮಿಲಿಗ್ರಾಂ ಕೊಕೊ ಫ್ಲಾವನಾಲ್ ಇರುವ ಮಾತ್ರೆ ಕೊಟ್ಟು ನೋಡಿದರು, 2022ರಲ್ಲಿ ಫಲಿತಾಂಶ ಬಂತು, ನೆನಪು, ಯೋಚನೆ ಎರಡಕ್ಕೂ ಅದರಿಂದ ಲಾಭ ಕಾಣಲಿಲ್ಲ.

ಇನ್ನೊಂದು ವಿಷಯ. ಇವರೆಲ್ಲ ಕೊಟ್ಟದ್ದು ಅಂಗಡಿಯ ಬಾರ್ ಅಲ್ಲ. ಬೀಜ ಹುದುಗಿಸುವಾಗ, ಹುರಿಯುವಾಗ ಫ್ಲಾವನಾಲ್ ಕರಗುತ್ತಾ ಬರುತ್ತದೆ. ಒಗರು ಕಮ್ಮಿಯಾಗಿ ಬಣ್ಣ ಗಾಢವಾಗಲಿ ಅಂತ ಕ್ಷಾರ ಬೆರೆಸಿದರಂತೂ ಬಹುಪಾಲು ಹೋಗಿಬಿಡುತ್ತದೆ. ಅಂದರೆ ಕಪ್ಪಗಿದೆ ಅಂದ ಮಾತ್ರಕ್ಕೆ ಫ್ಲಾವನಾಲ್ ಜಾಸ್ತಿ ಇದೆ ಅಂತಲ್ಲ. ಕೊಕೊ ಪುಡಿಯ ಡಬ್ಬ ತಿರುಗಿಸಿ ನೋಡಿ, ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಅಂತಿದ್ದರೆ ಅದು ಈ ಕ್ಷಾರವೇ. ಬಾರ್ ಮೇಲಿನ 70% ಅನ್ನುವುದು ಕೊಕೊ ಎಷ್ಟಿದೆ ಅಂತ ಹೇಳುತ್ತದೆ, ಫ್ಲಾವನಾಲ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ.